ಸವಿತಾಳಿಗೇ ಅವಳ ದೇವರಮನೆ ತೋರಿಸಿದ ಡಿಸೈನರ್

ಗೆಳೆಯರೇ, ಅಡುಗೆಮನೆ ಹೊಸದಾಗಿ ಮಾಡಿಸೋಣವೆಂದು ಇವತ್ತು ಮಧ್ಯಾಹ್ನ ಒಂದು ಇಂಟೀರಿಯರ್ ಶೋರೂಮಿಗೆ ಹೋಗಿದ್ದೆ. ಪಾಸಿರ್ ರಿಸ್‌ನ ನಮ್ಮ ಬ್ಲಾಕಿನಲ್ಲೇ ಇರುವ ಗೆಳತಿ ಸವಿತಾ ಜೊತೆಗಿದ್ದಳು. ಡಿಸೈನರ್ ಈ ಪರದೇಶದಲ್ಲೇ ಹುಟ್ಟಿ ಬೆಳೆದ ಕನ್ನಡದ ಯುವಕ. ನಮ್ಮ ಭಾಷೆಯವನು ಸಿಕ್ಕನಲ್ಲ ಎಂದು ಖುಷಿಪಡುವಷ್ಟರಲ್ಲಿ, "ನಾವು ಲೈಸೆನ್ಸ್ ಇರೋರು ಆಂಟಿ, ಆ್ಯಡಲ್ಲಿ ಸುಳ್ಳು ಹಾಕಲ್ಲ" ಎಂದ. ನಾನು ಕೇಳಿರಲಿಲ್ಲ. ಅಲ್ಲೇ ನನಗೆ ಅನುಮಾನ ಶುರುವಾಯಿತು.

ತಾವು ಮಾಡಿದ ಮನೆಗಳೆಂದು ಟ್ಯಾಬ್‌ನಲ್ಲಿ ಒಂದೊಂದೇ ಫೋಟೊ ತೋರಿಸುತ್ತ ಹೋದ. ಒಂದರಲ್ಲಿ ತೇಗದ ದೇವರಮನೆ ಇತ್ತು. ಬಾಗಿಲ ತುಂಬ ಪುಟ್ಟ ಗಂಟೆಗಳು, ಒಳಗೆ ಬೆಳ್ಳಿಯ ಕೃಷ್ಣ. ಸವಿತಾ ಮುಂದಕ್ಕೆ ಬಾಗಿದಳು.

"ಈ ಕಸ್ಟಮರ್ ತುಂಬಾ ಹ್ಯಾಪಿ ಆಂಟಿ. ಬೇಕಿದ್ರೆ ಅವ್ರನ್ನೇ ಕೇಳಿ."

"ಕೇಳೋದೇನು, ಅದು ನಮ್ಮನೆ," ಎಂದಳು ಸವಿತಾ ಮೆಲ್ಲಗೆ. "ಮಾಡಿದ್ದು ಬೇರೆಯವ್ರು. ಗೃಹಪ್ರವೇಶದ ದಿನ ನಾನೇ ಫೇಸ್‌ಬುಕ್ಕಲ್ಲಿ ಹಾಕಿದ್ದ ಫೋಟೊ ಇದು."

ಅವನ ಬೆರಳು ಅಲ್ಲೇ ನಿಂತಿತು. "ಅದು ಬರೀ ರೆಫರೆನ್ಸ್‌ಗೆ ಇಟ್ಟಿರೋದು ಲಾ," ಎಂದ ಇಲ್ಲಿಯವರ ಧಾಟಿಯಲ್ಲಿ.

"ಹಾಗಾದ್ರೆ ಮಿಕ್ಕಿದ್ದೆಲ್ಲ ಯಾರ್ಯಾರ ಮನೆ?" ಎಂದೆ. ಅವನು ಕಾಫಿ ತರಿಸಿದ. ಕುಡಿಯದೆ ಎದ್ದು ಬಂದೆವು.

ಎಂಆರ್‌ಟಿ ರೈಲಿನಲ್ಲಿ ಬರುವಾಗ ನನಗೆ ಗೋಡೆಯ ಮೇಲಿನ ಜಾಹೀರಾತುಗಳೆಲ್ಲ ಕದ್ದ ಮಾಲಿನಂತೆಯೇ ಕಂಡವು. ಸವಿತಾ ಮಾತ್ರ ಬಹಳ ಹೊತ್ತು ಫೋನ್ ತೆರೆದು ಆ ಹಳೇ ಪೋಸ್ಟ್ ನೋಡುತ್ತ ಕೂತಿದ್ದಳು. ಕೊನೆಗೆ ಬೇಸರದಿಂದ ಹೇಳಿದಳು: "ಫೋಟೊ ಕದ್ದಿದ್ದು ಹೋಗ್ಲಿ ಕಣೇ, ಒಂದು ಲೈಕಾದ್ರೂ ಒತ್ತಬಹುದಿತ್ತು."