ಇಂಚಿಗೆ ಒಂದು ಅಡಿ

ನನ್ನ ಅಕ್ಷರ ದುಂಡಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಒಳ್ಳೆಯ ಪದ ಸಿಗದ ಕಡೆ ಗೊತ್ತಿರುವ ಪದವನ್ನೇ ಹಾಕಿದ್ದೇನೆ. ವಾಚನಾಲಯದ ಕೈಬರಹದ ಪತ್ರಿಕೆಗೆ ಯಶೋದಮ್ಮನವರ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಅವರ ಹತ್ತಿರ ಹೊಲಿಗೆ ಕಲಿಯುತ್ತಿರುವುದರಿಂದ ನಾನು ಬರೆದೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ತಪ್ಪು ಎಂದ ಕಡೆ ತಿದ್ದಿದ್ದೇನೆ.

ಮಾರೇನಹಳ್ಳಿಯ ಯಶೋದಮ್ಮನವರಿಗೆ ಈಗ ಐವತ್ತೆರಡು ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲಿನ ಬಲ ಹೋಯಿತು. ಅಲ್ಲಿಂದ ಮುಂದೆ ಅವರನ್ನು ಎಲ್ಲಿಗೇ ಆದರೂ ಯಾರೋ ಒಬ್ಬರು ಎತ್ತಿಕೊಂಡು ಹೋದರು. ಅಪ್ಪ ಬೈರಯ್ಯನವರು ರಾಜಾಜಿನಗರದ ಕಾರ್ಖಾನೆಯ ಕೆಲಸಕ್ಕೆ ಹೊರಡುವ ಮುಂಚೆ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಐದನೇ ತರಗತಿ ಮಹಡಿಯ ಮೇಲಿತ್ತು. ಮೂರು ತಿಂಗಳು ಅಪ್ಪ ಎತ್ತಿಕೊಂಡು ಹತ್ತಿಸಿದರು. ಒಂದು ದಿನ ಅವರ ಸೊಂಟ ಹಿಡಿದುಕೊಂಡಿತು, ಶಾಲೆ ಅಲ್ಲಿಗೆ ನಿಂತಿತು. ಆಮೇಲೆ ಮದುವೆ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಓಟು ಹಾಕುವ ಕಡೆ, ಗುರುತಿಲ್ಲದ ಗಂಡಸರು ಕಂಕುಳಿಗೆ ಕೈ ಹಾಕಿ ಎತ್ತಿದರು.

"ಒಳ್ಳೇ ಮನಸ್ಸಿಂದಾನೇ ಎತ್ತುತಾರೆ. ಆದ್ರೆ ಎತ್ತೋಕ್ ಮುಂಚೆ ಯಾರೂ ಕೇಳಲ್ಲ ಕಣೇ," ಎಂದು ಅವರು ಒಮ್ಮೆ ಹೇಳಿದ್ದರು.

ಅವರ ಕೈಗಳು ಮಾತ್ರ ಬಹಳ ಗಟ್ಟಿ. ಕೈಯಲ್ಲಿ ತಿರುಗಿಸುವ ಮಿಶನ್ನಿನಲ್ಲಿ ರವಿಕೆ ಹೊಲಿಯುತ್ತಾರೆ. ಗಾಲಿಕುರ್ಚಿಯನ್ನು ತಾವೇ ಉರುಳಿಸಿಕೊಂಡು ತರಕಾರಿ ತರುತ್ತಾರೆ. ಓದುವ ಹುಚ್ಚು ಅವರಿಗೆ. ನಮ್ಮ ಬಡಾವಣೆ ಸಂಘದ ವಾಚನಾಲಯಕ್ಕೆ ಹನ್ನೆರಡು ವರ್ಷದಿಂದ ಸದಸ್ಯರು. ಆದರೆ ಅದರ ಒಳಗೆ ಹೇಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಾಗಿಲಿಗೆ ಮೂರು ಮೆಟ್ಟಿಲು. ಕೆಳಗಿನಿಂದ ಕೂಗಿದರೆ ಸಂಘದ ಕಾರ್ಯದರ್ಶಿ ಜಗನ್ನಾಥ ಮೇಷ್ಟ್ರು ಮೂರು ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು: ಒಂದು ವ್ರತದ ಕಥೆ, ಒಂದು ಮನೆಮದ್ದು, ಒಂದು ಅಡುಗೆ.

"ಬೇರೆ ಏನಿದೆ ಮೇಷ್ಟ್ರೇ?"

"ಎಲ್ಲಾ ಇದೆ ಕಣಮ್ಮ. ಯಾವ್ದು ಬೇಕು ಹೇಳಿ, ತಂದ್ಕೊಡ್ತೀನಿ."

ಏನೇನಿದೆ ಎಂದು ನೋಡದೆ ಯಾವುದು ಬೇಕೆಂದು ಹೇಳುವುದು ಹೇಗೆ? ಯಾರ ಕೈಯೂ ತಾಗದೆ ಒಳಗೆ ಹೋಗಿ, ಬೀರುವಿನಿಂದ ಒಂದು ಪುಸ್ತಕವನ್ನು ತಾವೇ ತೆಗೆಯಬೇಕು. ಅವರಿಗೆ ಇದ್ದದ್ದು ಇಷ್ಟೇ ಆಸೆ. ಹೋದ ವರ್ಷ ಸಂಘಕ್ಕೆ ಅರ್ಜಿ ಕೊಟ್ಟರು. ಅವರು ಹೇಳಿದರು, ನಾನು ಬರೆದೆ: 'ದಯವಿಟ್ಟು ಒಂದು ರ‍್ಯಾಂಪ್ ಮಾಡಿಸಿಕೊಡಿ.' ಅಳತೆಯನ್ನೂ ಬರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಕಡೆ ರ‍್ಯಾಂಪ್ ಅಂದರೆ ಒಂದೇ ಅರ್ಥ. ಮನೆಯ ಗೇಟಿನ ಮುಂದೆ ಸ್ಕೂಟರ್ ಹತ್ತಿಸಲು ಹಾಕುವ ಸಿಮೆಂಟಿನ ಇಳಿಜಾರು. ಗಾರೆ ಕೆಲಸದ ಸಿದ್ದಲಿಂಗೇಶಣ್ಣ ಇಪ್ಪತ್ತೈದು ವರ್ಷದಲ್ಲಿ ಅಂಥವನ್ನು ಎಷ್ಟು ಹಾಕಿದ್ದಾರೋ ಲೆಕ್ಕವಿಲ್ಲ. ಇಲ್ಲಿಯೂ ಅದನ್ನೇ ಶ್ರದ್ಧೆಯಿಂದ ಹಾಕಿದರು. ಒಂದೂವರೆ ಅಡಿ ಎತ್ತರಕ್ಕೆ ಐದಡಿ ಉದ್ದ, ಟಯರ್ ಜಾರದಂತೆ ಮೇಲೆ ಅಡ್ಡಡ್ಡ ಗೀರು. ಸಿಮೆಂಟು ಒಣಗುವುದೇ ತಡ, ಪೇಪರ್ ಓದಲು ಬಂದ ಹುಡುಗನೊಬ್ಬ ಬೈಕನ್ನು ಜಗಲಿಗೇ ಹತ್ತಿಸಿದ.

"ಸೂಪರ್ ಆಗಿದೆ ಗುರು, ಬುಲೆಟ್ಟೂ ಹತ್ತುತ್ತೆ!"

ಉದ್ಘಾಟನೆ ಒಂದು ಭಾನುವಾರ ಬೆಳಿಗ್ಗೆ. ರಿಬ್ಬನ್ ಕತ್ತರಿಸಿದರು. ಯಶೋದಮ್ಮನವರ ಕುರ್ಚಿಗೆ ಸೇವಂತಿಗೆ ಹಾರ ಹಾಕಿ, ಇಬ್ಬರು ಹಿಂದಿನಿಂದ ಹಿಡಿದುಕೊಂಡರು. ಮೇಷ್ಟ್ರು ಮೊಬೈಲ್ ಎತ್ತಿ, "ತಳ್ಳಿ, ತಳ್ಳಿ, ನಗ್ರಮ್ಮ ಸ್ವಲ್ಪ," ಎಂದರು.

ಯಶೋದಮ್ಮನವರು ಬಾಗಿ ಆ ಇಳಿಜಾರನ್ನು ನೋಡಿದರು. ನಕ್ಕು ಸುಮ್ಮನೆ ತಳ್ಳಿಸಿಕೊಂಡರೆ ಎಲ್ಲರಿಗೂ ಸಂತೋಷ. ಆದರೆ ಆಮೇಲೆ ಹತ್ತಲಾಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಫೋಟೋ ಇರುತ್ತದಲ್ಲ.

"ಕೈ ಬಿಡಿ ಅಣ್ಣ. ಒಬ್ಬಳೇ ಹತ್ತುತೀನಿ. ಹತ್ತಿದ್ರೆ ಆಗ ಫೋಟೋ ತೆಗೀರಿ ಮೇಷ್ಟ್ರೇ."

ಮೂರು ಸಲ ಗಾಲಿ ದೂಡಿದರು. ನಾಲ್ಕನೆಯ ಸಲ ಮುಂದಿನ ಚಿಕ್ಕ ಗಾಲಿಗಳು ನೆಲ ಬಿಟ್ಟು ಮೇಲೆದ್ದವು, ಕುರ್ಚಿ ಹಿಂದಕ್ಕೆ ವಾಲಿತು. ಸಿದ್ದಲಿಂಗೇಶಣ್ಣ ಓಡಿ ಬಂದು ಬೆನ್ನು ಕೊಟ್ಟು ತಡೆದರು. ಹಾರ ಗಾಲಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸುವವರೆಗೂ ಅವರು ಎಲ್ಲರ ನಡುವೆ ಹಾಗೆಯೇ ಕೂತಿರಬೇಕಾಯಿತು.

"ದಿನಾ ಯಾರಾದ್ರೂ ಇರ್ತಾರಮ್ಮ, ತಳ್ಳುತಾರೆ ಬಿಡಿ," ಎಂದರು ಮೇಷ್ಟ್ರು ಮೆಲ್ಲಗೆ.

"ಯಾರಾದ್ರೂ ಇರ್ತಾರೆ ಅಂತ ಕಾದೇ ಐವತ್ತು ವರ್ಷ ಆಯ್ತು ಮೇಷ್ಟ್ರೇ."

ಸಿದ್ದಲಿಂಗೇಶಣ್ಣನ ಮುಖ ಸಣ್ಣದಾಯಿತು. "ಗಾಡಿಗೆ ಅನ್ಕೊಂಡೆ ಅಕ್ಕ. ಕೈಯಲ್ಲಿ ತಳ್ಕೊಂಡು ಹತ್ತೋದು ಅಂತ ತಲೆಗೇ ಹೋಗ್ಲಿಲ್ಲ. ಒಡೆದು ಬೇರೆ ಹಾಕ್ತೀನಿ. ಎಷ್ಟು ಇಳಿಜಾರು ಬೇಕು ಹೇಳಿ."

ಎಷ್ಟು ಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಒಂದು ಕಡೆ ತಾವೇ ಹತ್ತಿದ್ದು ನೆನಪಿತ್ತು: ವಿಜಯನಗರದ ಮೆಟ್ರೋ ನಿಲ್ದಾಣ. ಮರುದಿನ ಬೆಳಿಗ್ಗೆ ಇಬ್ಬರೂ ಅಲ್ಲಿಗೆ ಹೋದರು. ಫುಟ್‌ಪಾತಿನ ಮೇಲೆ ಕುರ್ಚಿ ಹತ್ತುವಂತಿರಲಿಲ್ಲ. ಬಸ್ಸು ಆಟೋಗಳ ನಡುವೆ ರಸ್ತೆಯಲ್ಲೇ ಹೋದರು, ಸಿದ್ದಲಿಂಗೇಶಣ್ಣ ಕೈ ಅಡ್ಡ ಹಿಡಿದುಕೊಂಡು ಪಕ್ಕದಲ್ಲಿ ನಡೆದರು. ನಿಲ್ದಾಣದಲ್ಲಿ ಯಶೋದಮ್ಮನವರು ಕೊರಳಲ್ಲಿದ್ದ ಹೊಲಿಗೆಯ ಅಳತೆ ಟೇಪು ತೆಗೆದುಕೊಟ್ಟರು. ಸಿದ್ದಲಿಂಗೇಶಣ್ಣ ಕುಕ್ಕರಗಾಲಿನಲ್ಲಿ ಕೂತು ಅಳೆಯುತ್ತಿದ್ದಾಗ ಕಾವಲಿನವರು ಬಂದರು.

"ಏನ್ರೀ ಇದು, ಮೆಟ್ರೋಗೆ ಪ್ಯಾಂಟ್ ಹೊಲಿಸ್ತೀರಾ?"

ವಿಷಯ ತಿಳಿದ ಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಹನ್ನೆರಡು ಇಂಚು ಉದ್ದಕ್ಕೆ ಒಂದು ಇಂಚು ಏರು. ಇನ್ನೊಂದು ಕಡೆ ಅಳೆದರೂ ಅಷ್ಟೇ.

"ಅದು ರೂಲ್ಸು ಕಣ್ರೀ. ಇಂಚಿಗೆ ಅಡಿ. ಗವರ್ನಮೆಂಟ್ ಬುಕ್ಕಲ್ಲೇ ಇದೆಯಂತೆ," ಎಂದರು ಕಾವಲಿನವರು.

ಹಾಗಾದರೆ ವಾಚನಾಲಯಕ್ಕೆ ಹದಿನೆಂಟು ಅಡಿ ಬೇಕು. ಮುಂದೆ ಇರುವ ಜಾಗ ಏಳೇ ಅಡಿ. ಪಕ್ಕದ ಅಂಗಳದಲ್ಲಿ ಒಂಬತ್ತು ಅಡಿ ಹತ್ತಿ, ಐದಡಿ ಮಟ್ಟಸವಾದ ಜಾಗದಲ್ಲಿ ತಿರುಗಿ, ಮತ್ತೆ ಒಂಬತ್ತು ಅಡಿ ಬಂದರೆ ಜಗಲಿ ಸಿಗುತ್ತದೆ. ಆದರೆ ಆ ಅಂಗಳ ಸದಸ್ಯರು ಗಾಡಿ ನಿಲ್ಲಿಸುವ ಜಾಗ. ಸಂಘದ ಸಭೆಯಲ್ಲಿ ಗಲಾಟೆ ಆಯಿತು.

"ಒಬ್ಬರಿಗೋಸ್ಕರ ಹನ್ನೆರಡು ಗಾಡಿ ರೋಡಲ್ಲಿ ನಿಲ್ಬೇಕಾ?" ಎಂದು ಮಹದೇವ್ ಎಂಬ ಸದಸ್ಯರು ಕೇಳಿದರು.

ಯಶೋದಮ್ಮನವರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. "ನಿಮ್ ಗಾಡಿ ರೋಡಲ್ಲಿ ನಿಂತ್ರೂ ನೀವು ಒಳಗೆ ಬರ್ತೀರಿ ಸಾರ್. ನಾನೇ ರೋಡಲ್ಲಿ ನಿಂತ್ಬಿಡ್ತೀನಿ," ಎಂದರು. ಅಷ್ಟೇ ಹೇಳಿದ್ದು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, ಅಂಗಳ ಖಾಲಿ ಮಾಡಿ ಎಂದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ರುಜು ಹಾಕಿದರು.

ಕೆಲಸ ಮುಗಿಯಲು ಹದಿನೈದು ದಿನ ಹಿಡಿಯಿತು. ಗೀರಿಲ್ಲದೆ, ಆದರೆ ಜಾರದಂತೆ ಒರಟಾಗಿ ಮೇಲ್ಮೈ ಮಾಡಿದರು, ಎರಡೂ ಬದಿಗೆ ಹಿಡಿಯಲು ಕಂಬಿ ಕೂರಿಸಿದರು. ಈ ಸಲ ರಿಬ್ಬನ್ ಇರಲಿಲ್ಲ. ಬುಧವಾರ ಬೆಳಿಗ್ಗೆ ಯಶೋದಮ್ಮನವರು ಯಾರಿಗೂ ಹೇಳದೆ ಬಂದರು. ತಿರುವಿನಲ್ಲಿ ಕುರ್ಚಿ ನಿಲ್ಲಿಸಿ ಉಸಿರು ತೆಗೆದುಕೊಂಡರು. ಮತ್ತೆ ದೂಡಿದರು. ಜಗಲಿ ಮುಟ್ಟಿದಾಗ ಅವರ ಬೆನ್ನ ಹಿಂದೆ ಯಾರೂ ಇರಲಿಲ್ಲ. ಹಿಂತಿರುಗಿ ನೋಡಿ ಅದನ್ನು ಖಚಿತ ಮಾಡಿಕೊಂಡೆ ಎಂದು ನನಗೆ ಹೇಳಿದರು.

ಒಳಗೆ ಬೀರುಗಳ ನಡುವಿನ ದಾರಿ ಎರಡೇ ಅಡಿ. ಕುರ್ಚಿ ಅದಕ್ಕಿಂತ ಮೂರು ಇಂಚು ಅಗಲ. ಅವರು ಬಹಳ ಹೊತ್ತು ಆ ಸಂದಿಯ ಬಾಯಲ್ಲಿ ಕುರ್ಚಿ ನಿಲ್ಲಿಸಿಕೊಂಡು, ದೂರದ ಸಾಲುಗಳಲ್ಲಿದ್ದ ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನು ಓದಲು ನೋಡಿದರು. ಕೊನೆಗೆ ಕೈಗೆಟಕಿದ ತುದಿಯ ಸಾಲಿನಲ್ಲಿ ಒಂದೊಂದನ್ನೇ ತೆಗೆದು, ತಿರುವಿ, ವಾಪಸ್ ಇಟ್ಟು, ಬಾವಲಿಗಳ ಬಗ್ಗೆ ಇದ್ದ ಒಂದನ್ನು ತೊಡೆಯ ಮೇಲಿಟ್ಟುಕೊಂಡರು.

"ಬಾವಲಿನಾ? ಇದ್ಯಾಕಮ್ಮ ನಿಮಗೆ?" ಎಂದರು ಮೇಷ್ಟ್ರು.

"ಗೊತ್ತಿಲ್ಲ ಮೇಷ್ಟ್ರೇ. ಬೇಕು ಅನ್ನಿಸ್ತು." ಆಮೇಲೆ ಸಂದಿಯ ಕಡೆ ಕೈ ತೋರಿಸಿ, "ಇದನ್ನ ಒಂದಡಿ ಸರಿಸ್ಬೇಕು," ಎಂದರು.

ಮೇಷ್ಟ್ರು ಹಣೆ ಒತ್ತಿಕೊಂಡರು, ಆಮೇಲೆ ಹೂಂ ಅಂದರು. ಬರುವ ಭಾನುವಾರ ಬೀರುಗಳನ್ನು ಖಾಲಿ ಮಾಡಿ ಸರಿಸುತ್ತಾರೆ. ಪುಸ್ತಕಗಳನ್ನು ನಂಬರಿನ ಪ್ರಕಾರ ಮತ್ತೆ ಜೋಡಿಸಲು ನಾನು ಹೋಗುತ್ತೇನೆ.