ರೋಸ್ ಹಚ್ಚದ ಅಪ್ಪ

ಅನುಮಾನ ಪಡುವುದು ನನ್ನ ಹುಟ್ಟುಗುಣವೋ, ಟೀಚರಾಗಿ ಮಕ್ಕಳ ಕಾಪಿ ಚೀಟಿ ಹಿಡಿದು ಹಿಡಿದು ಅಂಟಿದ ಚಾಳಿಯೋ, ಗೊತ್ತಿಲ್ಲ. ಆದರೆ ಕೊರೊನಾದ ಮೊದಲ ವರ್ಷ ಕಾಪುವಿನ ನಮ್ಮ ಇಗರ್ಜಿಯಲ್ಲಿ ನನ್ನನ್ನು ಮೀರಿಸುವವರು ಮನೆಮನೆಯಲ್ಲೂ ಹುಟ್ಟಿಕೊಂಡರು. ಲಾಕ್‌ಡೌನ್ ಮುಗಿದು ಇಗರ್ಜಿಯ ಬಾಗಿಲು ತೆರೆದ ಹೊಸತು. ಪೂಜೆಯ ಮಧ್ಯೆ ಯಾರಾದರೂ ಸೀನಿದರೆ ಸಾಕು, ದೇವರನ್ನು ಬಿಟ್ಟು ಎಲ್ಲರೂ ಸೀನಿದವರನ್ನೇ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲಿ ನನ್ನ ತಮ್ಮ ದುಬೈಯಿಂದ ಬಂದ. ಒಬ್ಬಳೇ ಮಗಳ ಮದುವೆ. ತಾಯಿಯಿಲ್ಲದ ಹುಡುಗಿ, ನನ್ನ ಕೈಯಲ್ಲಿ ಬೆಳೆದವಳು. ಲಾಕ್‌ಡೌನಿನಿಂದಾಗಿ ಒಮ್ಮೆ ಮುಂದೆ ಹೋದ ಮದುವೆಯನ್ನು ಮತ್ತೆ ಮುಂದೂಡಲು ಕಾರ್ಕಳದ ಗಂಡಿನ ಕಡೆಯವರು ಒಪ್ಪಲಿಲ್ಲ. ತಮ್ಮನಿಗೆ ವಿಮಾನ ಸಿಕ್ಕಿದ್ದು ತಡವಾಗಿ. ಉಡುಪಿಯ ಲಾಡ್ಜಿನಲ್ಲಿ ಕ್ವಾರಂಟೈನ್ ಮುಗಿಸಿದ ಮೇಲೂ ಮನೆಯಲ್ಲಿ ಪ್ರತ್ಯೇಕ ಇರಬೇಕೆಂದರು. ಅವನ ಮನೆಯಲ್ಲಿ ಮದುವೆಯ ಗಡಿಬಿಡಿ. ಹಾಗಾಗಿ ಪಕ್ಕದ ನನ್ನ ಮನೆಯ ಕೋಣೆಯೊಂದರಲ್ಲಿ ಉಳಿದ.

ಮದುವೆಗೆ ಹೋಗಲಾಗದ್ದಕ್ಕೆ ಅವನು ಅಷ್ಟು ನೊಂದಿರಲಿಲ್ಲ. ನೊಂದದ್ದು ರೋಸಿಗೆ. ಮದುವೆಯ ಮುನ್ನಾದಿನ ಸಂಜೆ ಮದುಮಗಳನ್ನು ಕೂರಿಸಿ ತಲೆಗೆ, ಮುಖಕ್ಕೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ನಮ್ಮಲ್ಲಿ ಮೊದಲ ಕೈ ಹೆತ್ತವರದ್ದು. ಅದಕ್ಕಾಗಿಯೇ ಅವನು ಸಮುದ್ರ ದಾಟಿ ಬಂದಿದ್ದ.

"ಒಂದು ನಿಮಿಷ ಹೋಗಿ ಹಚ್ಚಿ ಬಾ ಮಾರಾಯ, ಮಾಸ್ಕ್ ಉಂಟಲ್ವಾ?" ಎಂದೆ.

"ಬೇಡ ಅಕ್ಕ. ಅವಳಿಗೆ ಎಂತಾದರೂ ಆದರೆ ನಾನು ಬದುಕುವುದು ಹೇಗೆ? ನೀನೇ ಹಚ್ಚು. ಹೊರಗಿನಿಂದ ಚಿಲಕ ಹಾಕಿ ಹೋಗು. ಹಾಡು ಸುರುವಾದರೆ ನನಗೆ ತಡೆಯಲಿಕ್ಕೆ ಆಗ್ಲಿಕ್ಕಿಲ್ಲ."

ಚಿಲಕ ಹಾಕಿದೆ. ಹಾಕುವಾಗ ನನಗೆ ಅಳು ಬಂತು.

ಇನ್ನು ನಮ್ಮವರ ಬುದ್ಧಿವಂತಿಕೆ ಕೇಳಿ. ಮದುವೆಗೆ ಐವತ್ತೇ ಜನ ಎಂದು ಸರ್ಕಾರದ ಅಪ್ಪಣೆ. ರೋಸಿಗೆ ಎಷ್ಟು ಜನ ಎಂದು ಯಾರೂ ಹೇಳಿರಲಿಲ್ಲ. ಮದುವೆಗೆ ಕರೆಯಲಾಗದವರಿಗೆಲ್ಲ "ರೋಸಿಗಾದರೂ ಬನ್ನಿ" ಎಂದು ನಾವೇ ಹೇಳಿದ್ದೆವು. ಬರದಿದ್ದರೆ ಅವರಿಗೆ ಬೇಸರ, ಕರೆಯದಿದ್ದರೆ ನಮಗೆ ಅವಮಾನ. ಎಲ್ಲರೂ ಬಂದರು. ಗೇಟಿನಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿಸಿಕೊಂಡು, ಅಂಗಳದ ಚಪ್ಪರದೊಳಗೆ ಬಂದು ಒಂದೇ ಪಾತ್ರೆಗೆ ಕೈ ಅದ್ದಿ ಹುಡುಗಿಯ ಕೆನ್ನೆ ಸವರಿದರು. ಮಾಸ್ಕು ಗದ್ದಕ್ಕೆ ಇಳಿದಿತ್ತು, ಫೋಟೊ ಚೆನ್ನಾಗಿ ಬರಬೇಕಲ್ಲ.

ಹಾಡು ಹೇಳಿಸುವ ಹಿರಿಯ ಹೆಂಗಸು, ನಾವೆಲ್ಲ ಮರ್ಯಾದೆಗೆ 'ಬಾಯಿ' ಎಂದು ಕರೆಯುವವರು, ಮದುಮಗಳ ಕಿವಿಯ ಪಕ್ಕವೇ ನಿಂತಿದ್ದರು. ಎರಡು ಸಾಲಿಗೊಮ್ಮೆ ಕೆಮ್ಮು.

"ಗಂಟಲು ಕಟ್ಟಿದೆ, ಸ್ವಲ್ಪ ಬಿಸಿನೀರು ಕೊಡಿ. ನಾಲ್ಕು ದಿನದ ಹಿಂದೆ ಇನ್ನಂಜೆಯಲ್ಲಿ ಸಾವಿನ ಮನೆಗೆ ಹೋಗಿದ್ದೆ, ತಂಡಿ ಹಿಡಿದದ್ದು."

ಆ ಸಾವಿನ ಮನೆಗೆ ಮುಂಬಯಿಯವರೂ ಬಂದಿದ್ದರೆಂದು ನನಗೆ ಗೊತ್ತಿತ್ತು. ನನ್ನ ಕಣ್ಣು ಅವರ ಮುಖದಿಂದ ಕದಲಲಿಲ್ಲ. "ನೀವು ಸ್ವಲ್ಪ ಆಚೆ ಕೂತು ಹಾಡಿ" ಎಂದೆ. ನಾನು ಬೈದೆನೆಂಬಂತೆ ಅವರು ಮುಖ ಸಣ್ಣದು ಮಾಡಿಕೊಂಡರು. ಪಕ್ಕದವರು "ಟೀಚರಿಗೆ ಎಲ್ಲರ ಮೇಲೂ ಸಂಶಯ" ಎಂದು ನಕ್ಕರು. ನಗುತ್ತಲೇ ಎಲ್ಲರೂ ಆಗಾಗ ನನ್ನ ಮನೆಯ ಕಿಟಕಿಯತ್ತ ನೋಡುತ್ತಿದ್ದರು. ಅಲ್ಲಿ ನನ್ನ ತಮ್ಮ ಮಾಸ್ಕ್ ಹಾಕಿಕೊಂಡು ಕೂತು, ಮಗಳತ್ತ ಕೈ ಎತ್ತಿ ಶಿಲುಬೆಯ ಗುರುತು ಮಾಡುತ್ತಿದ್ದ. ಒಬ್ಬಾಕೆ ತನ್ನ ಮೊಮ್ಮಗಳನ್ನು ಎಳೆದುಕೊಂಡು ಆ ಕಡೆಗೆ ಬೆನ್ನು ಹಾಕಿ ಕೂತಳು.

ವಾರ ಕಳೆಯುವುದರೊಳಗೆ ಜ್ವರ ಸುರುವಾಯಿತು. ಮೊದಲು ಹಾಡಿನ ಬಾಯಿ, ಮತ್ತೆ ರೋಸಿಗೆ ಬಂದ ಮನೆಗಳು, ಕೊನೆಗೆ ಕಾರ್ಕಳದಲ್ಲಿ ಮದುಮಗಳು. ತಮ್ಮನ ಟೆಸ್ಟ್ ಎರಡು ಸಲವೂ ನೆಗೆಟಿವ್ ಬಂತು. ಏನು ಪ್ರಯೋಜನ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ದುಬೈಯವನು ತಂದ ಎಂದು ಒಬ್ಬರು ಹೇಳಿದ್ದನ್ನು ಹತ್ತು ಮಂದಿ ಹಂಚಿದರು. ಹಾಲಿನವನು ನಮ್ಮ ಗೇಟಿನ ಹತ್ತಿರ ಬರುವುದನ್ನೇ ನಿಲ್ಲಿಸಿದ.

ಹಾಡಿನ ಬಾಯಿ ಗುಣವಾಗಿ ಬಂದ ಮೇಲೆ ಫೋನಿನಲ್ಲಿ ನನಗೇ ಹೇಳಿದರು: "ಕಿಟಕಿ ತೆರೆದೇ ಇತ್ತು ಅಲ್ವಾ? ಗಾಳಿ ಈಚೆಯೇ ಬೀಸುತ್ತಿತ್ತು."

"ಅವನು ಹೊರಗೆ ಕಾಲಿಡಲಿಲ್ಲ. ನಾನೇ ಚಿಲಕ ಹಾಕಿದ್ದೆ," ಎಂದೆ.

"ಹಾಗಾದರೆ ನಿಮಗೂ ಸಂಶಯ ಇತ್ತು!"

ಮೈಯೆಲ್ಲ ಉರಿಯಿತು. "ನಿಮ್ಮ ಕೆಮ್ಮು ಎಲ್ಲಿಂದ ಬಂತು, ಅದನ್ನು ಮೊದಲು ಹೇಳಿ" ಎಂದು ಕೇಳಿದೆ. ಫೋನ್ ಕಟ್ಟಾಯಿತು.

ತಮ್ಮ ಇದಾವುದಕ್ಕೂ ಕುಗ್ಗಲಿಲ್ಲ. "ಊರಿನವರು ಹೇಳಲಿ ಅಕ್ಕ. ನನ್ನ ಮಗಳಿಗೆ ಗೊತ್ತುಂಟಲ್ಲ, ಅಷ್ಟು ಸಾಕು" ಎನ್ನುತ್ತಿದ್ದ. ಅವಳಿಗೆ ಜ್ವರ ಬಿಟ್ಟಿತು, ಆದರೆ ಅವಳ ಅತ್ತೆಯನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಆಮ್ಲಜನಕ ಕೊಟ್ಟಿದ್ದಾರೆಂದು ಸುದ್ದಿ. ಹುಡುಗಿಯ ಫೋನೂ ನಿಂತಿತು.

ಒಂದು ಮಧ್ಯಾಹ್ನ ಅವಳೇ ಮಾಡಿದಳು. ತಮ್ಮ ಊಟದ ಕೈಯಲ್ಲೇ ಓಡಿಬಂದು ಸ್ಪೀಕರಿಗೆ ಹಾಕಿದ, ಮುಖ ಬೆಳಗಿತ್ತು.

"ಡ್ಯಾಡಿ," ಎಂದಳು. ದನಿ ಸಣ್ಣದಾಗಿತ್ತು. "ರೋಸಿನ ದಿನ ನೀವು ನನ್ನ ಹತ್ತಿರ ಬರಲಿಲ್ಲ ಅಲ್ವಾ? ಮದುವೆಯ ಬೆಳಿಗ್ಗೆ, ನಾನು ಹೊರಡುವ ಮೊದಲು?"

"ಇಲ್ಲ ಮಗಳೆ. ಬರಲೇ ಇಲ್ಲ."

"ಆಣೆ ಹಾಕಿ ಹೇಳಿ ಡ್ಯಾಡಿ. ಇಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು, ಯಾರೋ ಗಂಟಲು ಸರಿಮಾಡಿಕೊಂಡರು. ಫೋನ್ ಕಿತ್ತುಕೊಂಡು ಅವರೆಲ್ಲರ ನೀರಿಳಿಸಬೇಕೆಂದು ನಾನು ಕೈ ಚಾಚಿದೆ. ತಮ್ಮ ತಲೆಯಲ್ಲಾಡಿಸಿ ಬೇಡವೆಂದ. ಎದ್ದು ನಿಂತ. ಕೈಗೆ ಅಂಟಿದ್ದ ಅನ್ನವನ್ನು ಅಂಗಿಗೆ ಒರೆಸಿಕೊಂಡು, ಗೋಡೆಯ ಶಿಲುಬೆಯನ್ನು ಮುಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ದೇವರಾಣೆ, ನಾನು ನನ್ನ ಮಗಳನ್ನು ಮುಟ್ಟಲಿಲ್ಲ."