ನಾಲ್ಕು ಕಾಲಿನ ಕಾಟ

ಆ ಕೊಂಡಿ ಸವೆದಿದೆಯೋ ಇಲ್ಲವೋ ಎಂದು ಕೆಳಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕಾಳಿನ ಡಬ್ಬದ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಹತ್ತಿ ನಿಂತು ನೋಡಿದೆ. ಆಗಲೂ ಗೊತ್ತಾಗಲಿಲ್ಲ. ಪಡಸಾಲೆಯ ತೊಲೆಗೆ ಯಾವ ಕಾಲದಲ್ಲೋ ಹೊಡೆದ ಕಬ್ಬಿಣದ ಕೊಂಡಿ ಅದು. ಕೊಂಡಿಯಿಂದ ಸರಪಳಿ, ಸರಪಳಿಯ ತುದಿಗೆ ನಮ್ಮ ಮನೆತನದ ತೊಟ್ಟಿಲು. ಅಕ್ಕಿ ತೊಳೆಯುವಾಗಲೂ ನನ್ನ ಕಣ್ಣಿಗೆ ಕೊಂಡಿಯೇ ಕಾಣುತ್ತಿತ್ತು.

ಐದು ತಿಂಗಳ ಮಗನನ್ನು ಎತ್ತಿಕೊಂಡು ತವರಾದ ಮೈಸೂರಿನಿಂದ ಲಕ್ಷ್ಮೇಶ್ವರದ ಗಂಡನ ಮನೆಗೆ ಬಂದ ದಿನವೇ ಅದನ್ನು ನೋಡಿದ್ದೆ. ನೋಡಿದ ಮೇಲೆ ಕೂಸನ್ನು ಅದರಲ್ಲಿ ಹಾಕಲು ಕೈ ಬರಲಿಲ್ಲ. ನೆಲದ ಮೇಲೆ ಕೌದಿ ಹಾಸಿ ಮಲಗಿಸಿದೆ. ನೆಲದ ಮೇಲೆ ಮಲಗಿಸಿದರೆ ಚೇಳಿನ ಭಯ, ಇರುವೆಯ ಭಯ. ಮೈಸೂರಿನ ಹೆರಿಗೆ ಆಸ್ಪತ್ರೆಯಲ್ಲಿ ಅವನು ಮಲಗಿದ್ದು ನಾಲ್ಕು ಕಾಲಿನ, ಸುತ್ತಲೂ ಸರಳುಗಳಿದ್ದ ಪುಟ್ಟ ಮಂಚದಂಥ ಕಾಟಿನಲ್ಲಿ. ಅಂಥದೊಂದು ಸಿಕ್ಕಿದ್ದರೆ ನಾನೂ ಎಲ್ಲರ ಹಾಗೆ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದೆ.

ಅತ್ತೆ ಸುಂದರಾಬಾಯಿಯವರಿಗೆ ಇದು ಮನೆತನದ ಅವಮಾನ.

“ಈ ತೊಟ್ಟಲದಾಗ ನಿನ್ನ ಗಂಡ ಬೆಳದಾನ, ಅವರಪ್ಪ ಬೆಳದಾರ. ಯಾರರೆ ಬಿದ್ದಾರೇನು?”

“ಇವರ ಹಣೆ ಮೇಲೆ ಗಾಯದ ಗುರುತು ಇದೆಯಲ್ಲ, ಅತ್ತೆ?”

“ಅದು ತೊಟ್ಟಲದಿಂದ ಬಿದ್ದು ಆದದ್ದಲ್ಲ. ತೊಟ್ಟಲದಿಂದ ತಗದು ಕಟ್ಟಿ ಮ್ಯಾಲೆ ಕೂಡಿಸಿದ್ವಿ, ಆವಾಗ ಬಿದ್ದ.”

ರಾಜ್ಯಗಳು ಕೂಡಿದ ವರ್ಷದ ಮಾತಿದು. ಲಕ್ಷ್ಮೇಶ್ವರದವರು ಮೊದಲು ಮಿರಜ ಸಂಸ್ಥಾನದವರಾಗಿದ್ದರು, ಆಮೇಲೆ ಮುಂಬಯಿಯವರಾದರು, ಈಗ ಮೈಸೂರು ರಾಜ್ಯದವರಾಗಿದ್ದರು. “ಈ ಮನಿ ಹೊಸ್ತಿಲಾ ದಾಟದ ಮೂರು ರಾಜ್ಯ ತಿರಗ್ಯಾಡಿ ಬಂದೀನಿ, ನನಗ ತೊಟ್ಟಲಾ ಕಟ್ಟೂದು ಕಲಸ್ತಾಳ” ಎಂದು ಅತ್ತೆ ದೇವರ ಮುಂದೆ ದೂರು ಹೇಳುತ್ತಿದ್ದರು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ನನ್ನ ಗಂಡ ಗುರುರಾಜ ಊರಿನ ಹೈಸ್ಕೂಲಿನಲ್ಲಿ ಮಾಸ್ತರರು. ತಾಯಿಗೂ ಹೌದು, ಹೆಂಡತಿಗೂ ಹೌದು ಎನ್ನುವ ಮನುಷ್ಯ. ಎರಡು ಹೌದುಗಳ ನಡುವೆ ಸಿಕ್ಕಿಕೊಂಡಾಗ ಅವರಿಗೆ ನೆನಪಾಗುವುದು ಬೆಟಗೇರಿಯ ಮಾರ್ತಾಂಡ ಕಾಕಾ. “ಕಾಕಾಗ ಫೋನ್ ಮಾಡತೀನಿ. ಗದಗ-ಬೆಟಗೇರಿಯೊಳಗ ಸಿಗದ ಸಾಮಾನಽ ಇಲ್ಲ” ಎಂದರು.

ಮಾರ್ತಾಂಡ ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ಬೆಟಗೇರಿಯ ಸಕ್ರಪ್ಪ ಸಾವಕಾರರ ಅಡತಿ ಅಂಗಡಿಯಲ್ಲಿ, ಎಂದರೆ ಹತ್ತಿಯ ದಲಾಲಿ ಅಂಗಡಿಯಲ್ಲಿ, ಗುಮಾಸ್ತರು. ಹತ್ತಿಯೊಳಗೇ ಆಯುಷ್ಯ ಕಳೆದದ್ದಕ್ಕೋ ಏನೋ, ತೂಕವೂ ಹತ್ತಿಯದೇ. ಗಾಳಿಗೆ ಎದುರಾಗಿ ನಡೆಯುವಾಗ ಧೋತರದ ಚುಂಗು ಹಿಡಿದುಕೊಂಡೇ ನಡೆಯುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷವೇ ಆ ಅಂಗಡಿಗೆ ಫೋನು ಬಂತು. ಕಾಕಾನ ಮನಸ್ಸಿನಲ್ಲಿ ಈ ಎರಡೂ ಸಂಗತಿ ಕೂಡಿಕೊಂಡುಬಿಟ್ಟಿದ್ದವು. ಯಾರಾದರೂ ಸ್ವಾತಂತ್ರ್ಯದ ಮಾತು ತೆಗೆದರೆ, “ಆವತ್ತು ಮೊದಲ ಗಂಟಿ ಬಾರಿಸಿದಾಗ ಸಾವಕಾರರು ಗಾದಿ ಬಿಟ್ಟು ಓಡಿದ್ರು, ಎತ್ತಿದವ ನಾನು” ಎನ್ನುತ್ತಿದ್ದರು. ಸಾವಕಾರರಿಗೆ ಕರೆಂಟು ಹೊಡೆಯುತ್ತದೆಂಬ ಅಂಜಿಕೆ. ಅಂದಿನಿಂದ ಆ ಕರಿ ಯಂತ್ರಕ್ಕೆ ಕಾಕಾನೇ ಪೂಜಾರಿ. ಬೆಳಿಗ್ಗೆ ಬಂದು ಪಂಚೆಯ ಅಂಚಿನಿಂದ ಒರೆಸುವರು. ಬೇರೆ ಯಾರೂ ಮುಟ್ಟುವಂತಿಲ್ಲ. ಮುಂಬಯಿಯಿಂದ ಹತ್ತಿಯ ಧಾರಣೆ ಬಂದರೆ ಕೋಟಿನ ಗುಂಡಿ ಹಾಕಿ, ಟೊಪ್ಪಿಗೆ ಇಟ್ಟು, ಚಪ್ಪಲಿ ಕಳಚಿ ನಿಂತು ಮಾತಾಡುವರು. ಹುಬ್ಬಳ್ಳಿಯಿಂದ ಬಂದರೆ ಬರೇ ಟೊಪ್ಪಿಗೆ. ನೆಂಟರಿಂದ ಬಂದರೆ ಬರಿತಲೆ. ಯಾರೇ ಆದರೂ ದನಿ ಮಾತ್ರ ಒಂದೇ. ತಂತಿ ಇಲ್ಲದಿದ್ದರೂ ಹುಬ್ಬಳ್ಳಿಗೆ ಮುಟ್ಟುವಂಥದು. ಮದುವೆ ನಿಶ್ಚಯ, ಹೆರಿಗೆ, ಸಾವು, ಪರೀಕ್ಷೆಯ ಫಲ, ಎಲ್ಲವೂ ಕಾಕಾನ ಬಾಯಿಂದ ಮೊದಲು ಬೆಟಗೇರಿಯ ಬಜಾರಿಗೆ ತಿಳಿದು ಆಮೇಲೆ ಮನೆಯವರಿಗೆ ತಿಳಿಯುತ್ತಿದ್ದವು. “ಇಷ್ಟು ವರ್ಷದಾಗ ಒಂದು ಮಾತು ತಪ್ಪು ಕೇಳಿಲ್ಲ” ಎಂಬುದೇ ಅವರ ಬದುಕಿನ ಹೆಮ್ಮೆ.

ಲಕ್ಷ್ಮೇಶ್ವರದ ಪೋಸ್ಟಾಫೀಸಿನಿಂದ ನನ್ನ ಗಂಡ ಫೋನು ಮಾಡಿದರು. ಅಂದಿನ ಸಂಭಾಷಣೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿ ಜೋಡಿಸಿಕೊಂಡಿದ್ದೇನೆ.

“ಕಾಕಾ, ಕೂಸಿಗೆ ಒಂದು ಕಾಟ್...”

“ಕೂಸಿಗೆ ಕಾಟಾ? ಯಾವಾಗಿಂದ?”

“ಬಂದಾಗಿಂದ ಪ್ರಮೀಳಾ ಅದನ್ನಽ ಹೇಳಲಿಕ್ಕೆ ಹತ್ಯಾಳ.”

“ದೊಡ್ಡದೇನು?”

“ದೊಡ್ಡದು ಬ್ಯಾಡ, ಸಣ್ಣದು. ನಾಲ್ಕು ಕಾಲಿಂದು.”

“ನಾಲ್ಕು ಕಾಲಿಂದಾ! ಹರಿ ಹರಿ! ಆಕಿ ಕಣ್ಣಾರೆ ನೋಡ್ಯಾಳೇನು?”

“ಮೈಸೂರಾಗ ನೋಡ್ಯಾಳ, ದವಾಖಾನ್ಯಾಗ.”

“ಅಲ್ಲಿಂದ ಬಂತು ಅನ್ನು. ತೊಟ್ಟಲದಾಗ ಹಾಕಿದರ?”

“ತೊಟ್ಟಲಾ ಅಂದರ ಅಂಜತಾಳ.”

“ಬರೋಬ್ಬರಿ. ಇಂಥವು ತೊಟ್ಟಲಕ್ಕಽ ಬರತಾವ. ನೀ ಧೈರ್ಯ ಬಿಡಬ್ಯಾಡ, ನಾಳೆ ಮೊದಲನೇ ಬಸ್ಸಿಗೆ ಬಂದೆ!”

“ಕಾಕಾ, ಗಟ್ಟಿಯಾಗಿ ಕಟ್ಟಿಕೊಂಡು ಬರ್ರಿ” ಎಂದು ಇವರು ಹೇಳುವಷ್ಟರಲ್ಲಿ ಲೈನು ಕಡಿಯಿತು. ಬಸ್ಸಿನ ಮೇಲೆ ಹಗ್ಗದಿಂದ ಕಟ್ಟಿಕೊಂಡು ಬರಲಿ ಎಂದು ಇವರ ಅರ್ಥ. ತೋಳಿಗೆ ತಾಯತ ಕಟ್ಟಿಕೊಂಡು ಬಾ ಎಂದು ಕಾಕಾನ ಅರ್ಥ. ಅವರು ಫೋನು ಇಡುವ ಮೊದಲೇ ಬಜಾರು ಅಂಗಡಿಯ ಮುಂದೆ ಕೂಡಿತ್ತು. ಸಕ್ರಪ್ಪ ಸಾವಕಾರರು ಗಾದಿಯ ಮೇಲಿಂದಲೇ, “ಮೈಸೂರಿಗೆ ಕೂಡಿ ಇನ್ನಾ ತಿಂಗಳಾಗಿಲ್ಲ, ಕಾಟ ಸುರು ಆತು ನೋಡ್ರಿ” ಎಂದರಂತೆ.

ಮರುದಿನ ಕಾಕಾ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೊಸ ಕಸಬರಿಗೆ, ತೋಳಿನಲ್ಲಿ ತಾಯತ. ಬಸ್ಸಿನಲ್ಲಿ ಪಕ್ಕದವರಿಗೊಂದು ಮಾತು ಹೇಳಿದ್ದರಂತೆ, ಕಾಕಾನ ದನಿಯಲ್ಲಿ. ಇಡೀ ಬಸ್ಸು ಉಪಾಯ ಹೇಳಿತ್ತು. ಸೊರಟೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ನಿಂಬೆಹಣ್ಣು, ಮೆಣಸಿನಕಾಯಿಯ ಸರ ಕೊಟ್ಟಳು. ಶಿರಹಟ್ಟಿಯಲ್ಲಿ ಬಸ್ಸು ನಿಲ್ಲಿಸಿಕೊಂಡು ಮಠದ ಅಂಗಾರ, ಹಣೆಗಿಡುವ ಬೂದಿ, ತಂದರು. “ನಾಲ್ಕು ಕಾಲಿಂದು ಐತಿ ಅಂದ್ರ ಕುದರಿ ಲಾಳ ಬಡೀಬೇಕ್ರೀ ರಾಯರ” ಎಂದು ಕಂಡಕ್ಟರ ಹೇಳಿದ್ದರಿಂದ ಒಂದು ಲಾಳವೂ ಚೀಲದಲ್ಲಿತ್ತು.

ನಾನು ಬಾಗಿಲಿಗೆ ಓಡಿದೆ. ಬೀದಿ ನೋಡಿದೆ. ಏನೂ ಇಲ್ಲ.

“ಕಾಕಾ, ಕಾಟ್ ಎಲ್ಲಿ?”

ಕಾಕಾ ಹೊಸ್ತಿಲಲ್ಲೇ ನಿಂತರು. “ಅದನ್ನ ನೀ ನನಗ ಕೇಳತೀಯಾ? ನೀನಽ ತೋರಸಬೇಕು. ಈಗೂ ಕಾಣಸ್ತದೇನು?”

“ಬಸ್ಸಿನ ಮೇಲೇ ಬಿಟ್ಟು ಬಂದಿರಾ?”

“ಬಸ್ಸಿನ ಮ್ಯಾಲೆ?” ಕಾಕಾ ಗರ್ರನೆ ಹಿಂದಕ್ಕೆ ತಿರುಗಿದರು. “ನನ್ನ ಜೋಡಿ ಬಂತಾ?”

“ನಿಮ್ಮ ಜೊತೆ ಬರದೆ ಇನ್ನು ಹೇಗೆ ಬರುತ್ತೆ? ಬೇಕಾದರೆ ನಾಲ್ಕು ಕಾಲನ್ನೂ ಬಿಚ್ಚಿ ತರಬಹುದು ಅಂದಿದ್ದರಲ್ಲ ಇವರು.”

ಕಾಕಾ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ವೈನಿ,” ಎಂದು ಒಳಗಿದ್ದ ಅತ್ತೆಯನ್ನು ಮೆಲ್ಲಗೆ ಕರೆದರು. ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಕೂಸಿಗಲ್ಲರಿ, ಈಕಿಗೇ ಹಿಡದದ.”

ಶಾಲೆಯಿಂದ ಇವರು ಬಂದು ಎರಡು ಮಾತಿನಲ್ಲಿ ಗಂಟು ಬಿಡಿಸಿದರು. ಅತ್ತೆ ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಲಾಳ ನೋಡಿ ನಕ್ಕರು. ಕಾಕಾ ನಗಲಿಲ್ಲ. ಒಂದೂ ಮಾತು ತಪ್ಪು ಕೇಳದ ಮನುಷ್ಯನಿಗೆ ಆದ ಪೆಟ್ಟು ಅದು.

“ಟೊಪ್ಪಿಗಿ ಹಾಕಿದ್ದಿಲ್ಲ. ನೆಂಟರ ಫೋನು ಅಂತ ಬರಿತಲಿಲೇ ಎತ್ತಿದೆ, ಅದಕ್ಕಽ ಹಿಂಗಾತು” ಎಂದರು. ಆಮೇಲೆ, “ತಪ್ಪು ನಂದಲ್ಲ. ಈ ಮೈಸೂರವರು ಶಬ್ದದ ಬಾಲಾ ಕತ್ತರಿಸಿ ಮಾತಾಡತಾರ” ಎಂದರು.

“ಬಾಲ ಸುಡಲಿ. ಈ ತೊಟ್ಟಲಕ್ಕ ಏನು ಧಾಡಿ ಆಗ್ಯದ, ಅದನ್ನ ಆಕಿನ್ನ ಕೇಳು” ಎಂದರು ಅತ್ತೆ.

ಹೋದ ಮಾನ ಹಿಂದೆ ಪಡೆಯುವ ದಾರಿ ಕಾಕಾನಿಗೆ ಕಂಡಿತು. ಎದ್ದರು. ಸರಪಳಿ ಜಗ್ಗಿದರು. “ಮನಿತನದ ತೊಟ್ಟಲಾ ಇದು. ಪ್ರಮೀಳಾ, ಕೊಂಡಿ ನೋಡತಿರು” ಎಂದವರೇ ಟೊಪ್ಪಿಗೆ ಸರಿಮಾಡಿಕೊಂಡು ತೊಟ್ಟಿಲಲ್ಲಿ ಕುಳಿತರು. ಮೊಳಕಾಲು ಗದ್ದಕ್ಕೆ ತಾಗಿದವು. ಅತ್ತೆ ಒಂದು ತೂಗು ತೂಗಿದರು. ಕೊಂಡಿ ಕಿರ್ರೆನ್ನಲೂ ಇಲ್ಲ.

“ನೋಡಿದೇನು?” ಎಂದು ಗೆದ್ದ ದನಿಯಲ್ಲಿ ಕಾಕಾ ನನ್ನ ಕಡೆ ಹೊರಳಿದರು.

ತೊಟ್ಟಿಲೂ ಅವರ ಜೊತೆಗೆ ಹೊರಳಿತು. ಮರುಕ್ಷಣ ಕಾಕಾ ನೆಲದ ಮೇಲಿದ್ದರು, ನಿಂಬೆಹಣ್ಣು ಮೆಣಸಿನಕಾಯಿಗಳ ನಡುವೆ. ಕೌದಿಯ ಮೇಲಿದ್ದ ನನ್ನ ಮಗ ಅವರನ್ನು ನೋಡಿ ಕೇಕೆ ಹಾಕಿದ.

ಕಾಕಾ ಬಿದ್ದಲ್ಲಿಂದಲೇ ಬಹಳ ಗಂಭೀರವಾಗಿ ಕೇಳಿದರು: “ಪ್ರಮೀಳಾ, ಕೂಸು ಹೊರಳತದೇನು?”

“ದಿನವಿಡೀ ಹೊರಳುತ್ತಾನೆ, ಕಾಕಾ.”

“ಕೊಂಡಿ ಗಟ್ಟಿ ಅದ. ಆದರ ಅಂಚು ಗಿಡ್ಡ ಅದ. ಹೊರಳಿದವರು ಬೀಳತಾರ. ಈ ತೊಟ್ಟಲಾ ಬ್ಯಾಡ.”

“ಅದು ಕೂಸಿನ ತೊಟ್ಟಲಾ, ಗುಮಾಸ್ತರದಲ್ಲ” ಎಂದರು ಅತ್ತೆ. ಆದರೆ ಅಂದಿನಿಂದ ಅವರೂ ಆ ಮಾತು ಎತ್ತಲಿಲ್ಲ.

ಬೆಟಗೇರಿಯ ಯಮನೂರಪ್ಪ ಬಡಿಗೇರನಿಂದ ಕಾಟು ಮಾಡಿಸುವುದೆಂದಾಯಿತು. ಹೊರಡುವಾಗ ಕಾಕಾ ನನ್ನತ್ತ ಬೆರಳು ಮಾಡಿದರು. “ಅಳತಿ ನೀನಽ ಫೋನಿನಾಗ ಹೇಳು. ಗುರ್ಯಾನ ಕೈಲೆ ಹೇಳಸಬ್ಯಾಡ. ಇನ್ನೊಮ್ಮೆ ಹಿಂಗಾದರ ನಾ ಬಜಾರದಾಗ ತಲಿ ಎತ್ತಾಂಗಿಲ್ಲ.”

ನನ್ನ ಚಿಂತೆ ಕೊಂಡಿಯಿಂದ ಇಳಿದು ಸರಳುಗಳ ಸಂದಿಗೆ ಬಂದು ಕುಳಿತಿತು. ಸಂದಿ ಅಗಲವಾದರೆ ಕೂಸಿನ ತಲೆ ತೂರುತ್ತದೆ, ಕುತ್ತಿಗೆ ಸಿಕ್ಕುತ್ತದೆ. ಕಾಟು ಎಂದದ್ದನ್ನು ಕಾಟ ಎಂದು ಕೇಳಿಸಿಕೊಂಡವರು ನನ್ನ ಅಳತೆಯನ್ನು ಏನೆಂದು ಕೇಳಿಸಿಕೊಂಡಾರು? ನಾನಂತೂ ಜನ್ಮದಲ್ಲಿ ಫೋನು ಹಿಡಿದವಳಲ್ಲ. ಕಾಲೇಜಿನಲ್ಲಿ ಅದರ ತತ್ವವನ್ನು ಓದಿದ್ದೆ, ಅಂಕವೂ ಬಂದಿತ್ತು. ಅದು ಧೈರ್ಯಕ್ಕೆ ಬರಲಿಲ್ಲ. ಇಂದು ಸಂತೆ, ನಾಳೆ ಏಕಾದಶಿ, ನಾಡಿದ್ದು ಕೂಸಿಗೆ ನೆಗಡಿ ಎಂದು ಮುಂದೂಡಿದೆ.

ಒಂದು ಬೆಳಿಗ್ಗೆ ಒಗ್ಗರಣೆ ಹಾಕಿ ಹಿಂತಿರುಗಿ ನೋಡುತ್ತೇನೆ, ಕೌದಿಯ ಮೇಲೆ ಮಗ ಇಲ್ಲ. ನಾನು ಕಿರುಚಿದ್ದು ಬೆಟಗೇರಿಗೆ ಫೋನಿಲ್ಲದೆ ಮುಟ್ಟಿರಬೇಕು. ಅವನು ಹೊರಳಿ ಹೊರಳಿ ಪಡಸಾಲೆ ದಾಟಿ, ಬಚ್ಚಲ ಹೊಸ್ತಿಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಆಚೆಗೆ ಕಾಯುತ್ತಿದ್ದ ನೀರಿನ ಹಂಡೆ. ಅವನನ್ನು ಅತ್ತೆಯ ಮಡಿಲಿಗೆ ಹಾಕಿ, ಚಪ್ಪಲಿ ಮೆಟ್ಟಿ, ನೇರ ಪೋಸ್ಟಾಫೀಸಿಗೆ ನಡೆದೆ.

ಬಹಳ ಹೊತ್ತು ಕಾದ ಮೇಲೆ ಪೋಸ್ಟಮಾಸ್ತರರು ನನ್ನ ಕೈಗೆ ಫೋನು ಕೊಟ್ಟರು.

“ಹಲೋ! ಯಾರು? ಮುಂಬೈ?”

“ಅಲ್ಲ ಕಾಕಾ, ಪ್ರಮೀಳಾ.”

“ತಡಿ, ಟೊಪ್ಪಿಗಿ ಹಾಕ್ಕೋತೀನಿ... ಹಾಂ, ಹೇಳು. ಯಮನೂರಪ್ಪನ್ನ ದಿನಾ ಕರಸತೀನಿ, ಇವತ್ತೂ ಇಲ್ಲೇ ನಿಂತಾನ.”

“ಸರಳಿಗೂ ಸರಳಿಗೂ ನಡುವೆ ಎರಡು ಇಂಚು.”

“ಎರಡು ಹಂಚು? ಅಷ್ಟು ಅಗಲ ಯಾಕ?”

“ಹಂಚಲ್ಲ ಕಾಕಾ! ಮೂರು ಬೆರಳು! ಮೂರು ಬೆರಳಿನಷ್ಟು ಸಂದಿ!”

“ಹಂಗ ಹೇಳು. ಯಾರ ಬೆರಳು? ಯಮನೂರಪ್ಪಂದು ಹಿಡದರ ನಿನ್ನ ಮಗಾ ಸಂದಿಯೊಳಗಿಂದ ಪಾರಾಗಿ ಗದಗಕ್ಕ ಬರತಾನ.”

“ನನ್ನ ಬೆರಳಿಗೇನಾಗೇತ್ರೀ ರಾಯರ?” ಎಂದು ಹಿಂದೆ ಯಾರೋ ಅಂದದ್ದು ಕೇಳಿಸಿತು.

“ನನ್ನ ಬೆರಳು, ಕಾಕಾ.”

“ನಿನ್ನ ಬೆರಳು ಫೋನಿನಾಗ ಹೆಂಗ ಕಾಣಬೇಕು?”

ಟೈಮು ಆಗುತ್ತ ಬಂತೆಂದು ಪೋಸ್ಟಮಾಸ್ತರರು ಸನ್ನೆ ಮಾಡಿದರು. ಆಗ ಹೊಳೆಯಿತು. ಕಾಕಾನ ಹೆಂಡತಿ ಭಾಗೀರಥಿಬಾಯಿಯ ಕೈಯೂ ನನ್ನ ಕೈಯೂ ಒಂದೇ ಅಳತೆ. ನನ್ನ ಮದುವೆಯ ಬಳೆಗಳನ್ನು ಗದಗಿನಲ್ಲಿ ಅವರ ಕೈಗೇ ತೊಡಿಸಿ ನೋಡಿ ಕೊಂಡಿದ್ದರು.

“ಕಾಕೂ ಎಲ್ಲಿದ್ದಾರೆ?”

“ಡಬ್ಬಿ ಕೊಡಲಿಕ್ಕೆ ಬಂದಾಳ, ಕಟ್ಟಿ ಮ್ಯಾಲೆ ಕೂತಾಳ.”

“ಅವರ ಕೈಗೆ ಕೊಡಿ.”

“ಏನು ಕೊಡಲಿ?”

“ಫೋನು.”

“ಇದನ್ನ ಬ್ಯಾರೆಯವರು ಮುಟ್ಟಾಂಗಿಲ್ಲ” ಎಂದರು ಕಾಕಾ. “ಕಾಕಾ, ಕೂಸಿನ ಕುತ್ತಿಗೆಯ ಪ್ರಶ್ನೆ. ಕೊಡಿ!” ಎಂದು ಕೂಗಿದೆ. ಪೋಸ್ಟಾಫೀಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು, ತಿರುಗಲಿ. ಏನೋ ಸರಸರ ಸದ್ದು, ಬಳೆಯ ಸದ್ದು. ಆಮೇಲೆ ಒಂದು ಸಣ್ಣ ದನಿ, ಪಕ್ಕದಲ್ಲೇ ಕುಳಿತು ಮಾತಾಡಿದಷ್ಟು ಸ್ಪಷ್ಟವಾಗಿ:

“ಪ್ರಮೀಳಾ, ಮೂರು ಬೆರಳು ಬಿಗಿಯಾಗಿ ಹಿಡೀಲೋ, ಸಡಲ ಹಿಡೀಲೋ?”

“ಬಿಗಿಯಾಗಿ, ಕಾಕೂ.”

“ಹಿಡದೀನಿ. ಯಮನೂರಪ್ಪಾ, ಇಲ್ಲಿ ಗೀಟು ಹೊಡಿ.”